ಬೌಂಡರಿ ಗೆರೆಯ ರಮಾನಾಥ

ರಮಾನಾಥರು ಸುರತ್ಕಲ್ಲಿನಿಂದ ಇಂಗ್ಲೆಂಡಿನ ಲೆಸ್ಟರಿಗೆ ಬಂದದ್ದು ೧೯೭೯ರಲ್ಲಿ, ಹೆಣಿಗೆ ಯಂತ್ರಗಳ ನಕ್ಷೆ ಬರೆಯುವ ಕೆಲಸಕ್ಕೆ. ಮೊದಲ ಬೇಸಿಗೆಯಲ್ಲೇ ಮೂರು ಕ್ರಿಕೆಟ್ ಕ್ಲಬ್ಬುಗಳಿಗೆ ಪತ್ರ ಹಾಕಿದರು. ಎರಡರಿಂದ ಉತ್ತರ ಬರಲಿಲ್ಲ. ಮೂರನೆಯದರ ಕಾರ್ಯದರ್ಶಿ ಬರಹೇಳಿ, ಇವರ ಮುಖ ನೋಡಿದ ಮೇಲೆ ಜಾಗ ಭರ್ತಿಯಾಗಿದೆ ಎಂದ. ಇಂಥದೇ ಉತ್ತರ ಕೇಳಿ ಬಂದ ಗುಜರಾತಿಗಳು, ಪಂಜಾಬಿಗಳು, ನಾಲ್ಕಾರು ಕನ್ನಡಿಗರು ಸೇರಿ ತಮ್ಮದೇ ಭಾನುವಾರದ ಲೀಗ್ ಕಟ್ಟಿಕೊಂಡರು. ನಗರಸಭೆಯ ಕೌನ್ಸಿಲ್ ಪಾರ್ಕೇ ಮೈದಾನ. ಬಟ್ಟೆ ಬದಲಿಸಲು ಕಾರಿನ ಮರೆ.

ರಮಾನಾಥರ ಬ್ಯಾಟಿಂಗ್ ಸಾಧಾರಣ. ಆದರೆ ಅವರು ಬೌಂಡರಿ ಗೆರೆಯ ಬಳಿ ನಿಂತರೆ ಎದುರಾಳಿಗಳು ಎರಡನೇ ರನ್ನಿಗೆ ಓಡಲು ಅಂಜುತ್ತಿದ್ದರು. ಓಡುತ್ತಲೇ ಚೆಂಡೆತ್ತಿ ಎಸೆದರೆ ಅದು ನೆಲ ಮುಟ್ಟದೆ ಕೀಪರನ ಕೈ ಸೇರುತ್ತಿತ್ತು. ಹನ್ನೊಂದು ವರ್ಷ ಹಾಗೆ ಆಡಿ, ಭುಜ ಸೋತ ಮೇಲೆ ಲೀಗಿನ ತಮ್ಮ ತಂಡಕ್ಕೇ ಮ್ಯಾನೇಜರ್ ಆದರು. ಮೂರು ಸಲ ಕಪ್ ಗೆದ್ದರು.

ಅಷ್ಟರಲ್ಲಿ ಶನಿವಾರ ಆಡುವ ದೊಡ್ಡ ಕ್ಲಬ್ಬುಗಳ ಬಾಗಿಲು ತೆರೆಯಿತು. ಎಲ್ಲರಿಗೂ ಅಲ್ಲ, ತೀರ ಒಳ್ಳೆಯ ಆಟಗಾರರಿಗೆ ಮಾತ್ರ. ಮೊದಲು ಹೊರಟವನು ಮೈಸೂರಿನ ಉಮೇಶ. ಎಡಗೈ ಬ್ಯಾಟ್ಸ್‌ಮನ್, ರಮಾನಾಥರೇ ತಿದ್ದಿ ಬೆಳೆಸಿದವನು.

"ಅಲ್ಲಿ ಪಿಚ್ ಚೆನ್ನಾಗಿದೆ ಸರ್. ಕೌಂಟಿ ತಂಡಕ್ಕೆ ಆರಿಸೋರು ನೋಡೋಕೆ ಬರ್ತಾರಂತೆ," ಎಂದ.

"ನಾನು ಪತ್ರ ಬರೆದಾಗ ಅವರೆಲ್ಲ ಎಲ್ಲಿದ್ರು? ಹೋಗು. ವಾಪಸ್ ಮಾತ್ರ ಬರಬೇಡ," ಎಂದರು ರಮಾನಾಥರು.

ಕೌಂಟಿಯವರು ಉಮೇಶನನ್ನು ಕರೆಯಲಿಲ್ಲ. ಎರಡು ಸೀಸನ್ ಕಳೆಯುವಷ್ಟರಲ್ಲಿ ಹೊಸ ಕ್ಲಬ್ ಅವನನ್ನು ಮೂರನೇ ತಂಡಕ್ಕೆ ಇಳಿಸಿತ್ತು. ಒಂದು ಭಾನುವಾರ ಅವನು ಕಿಟ್ ಹೊತ್ತು ಪಾರ್ಕಿಗೆ ಬಂದ. ಉಳಿದ ಒಳ್ಳೆಯ ಹುಡುಗರೂ ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರಿಂದ ಅಂದು ತಂಡದಲ್ಲಿ ಒಂಬತ್ತೇ ಜನ. ರಮಾನಾಥರು ಕೈಯಲ್ಲಿದ್ದ ಪಟ್ಟಿಯಿಂದ ತಲೆಯೆತ್ತದೆ, "ಜಾಗ ಇಲ್ಲ," ಎಂದರು. ಉಮೇಶ ಆಟಗಾರರತ್ತ ಒಮ್ಮೆ ಕಣ್ಣಾಡಿಸಿ, ಕಿಟ್ ಹೊತ್ತು ಹೊರಟುಹೋದ. ಒಂಬತ್ತು ಜನ ಆಡಿ ಸೋತರು. ಮರುವರ್ಷ ತಂಡವೇ ಇರಲಿಲ್ಲ. ಲೀಗ್ ಕೂಡ ಹೆಚ್ಚು ಕಾಲ ಉಳಿಯಲಿಲ್ಲ.

ರಮಾನಾಥರಿಗೆ ಈಗ ಎಪ್ಪತ್ತೊಂದು. ಹೆಂಡತಿ ತೀರಿಕೊಂಡ ಮೇಲೆ ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ ಮಗಳು ಚರಿಷ್ಮಾಳ ಮನೆಯಲ್ಲಿದ್ದಾರೆ. ಹೋದ ಯುಗಾದಿಗೆ ಬರ್ಮಿಂಗ್‌ಹ್ಯಾಮಿನ ಕನ್ನಡ ಸಂಘದ ಊಟದ ಸಾಲಿನಲ್ಲಿ ನಿಂತಿದ್ದಾಗ, ಮುಂದಿದ್ದ ನರೆತ ತಲೆಯವನು ತಟ್ಟೆಯನ್ನು ಎಡಗೈಗೆ ಬದಲಿಸಿಕೊಂಡು ಹಿಂತಿರುಗಿ ನೋಡಿದ. ಉಮೇಶ.

ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟು, ಮಂಡಿನೋವು ಎಂದು ಮಾತು ಸುತ್ತಾಡಿತು. ಕೊನೆಗೆ ರಮಾನಾಥರೇ, "ಆವತ್ತು ನಾವು ಒಂಬತ್ತೇ ಜನ ಇದ್ವಿ," ಎಂದರು.

"ಗೊತ್ತು ಸರ್. ಎಣಿಸಿದ್ದೆ."

"ಆಮೇಲೆ ಎಲ್ಲಿ ಆಡಿದೆ?"

"ಎಲ್ಲೂ ಇಲ್ಲ. ಮಕ್ಕಳು, ಕೆಲಸ, ಮಾರ್ಟ್‌ಗೇಜ್. ಹಾಗೇ ಬಿಟ್ಟುಹೋಯ್ತು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಪ್ಪಾಯಿತು ಎನ್ನುವುದು ಸುಲಭವಾಗುತ್ತಿತ್ತು ಎಂದು ರಮಾನಾಥರು ಆಮೇಲೆ ಮಗಳ ಹತ್ತಿರ ಹೇಳಿದರು. ಅಂದು ಅಷ್ಟರಲ್ಲಿ ಸಾಲು ಮುಂದೆ ಸರಿಯಿತು, ಯಾರೋ ತಟ್ಟೆಗೆ ಹೋಳಿಗೆ ಬಡಿಸಿದರು.

ಹೊರಡುವಾಗ ಉಮೇಶ ಸಟನ್ ಕೋಲ್ಡ್‌ಫೀಲ್ಡಿನ ತನ್ನ ಮನೆಯ ಪೋಸ್ಟ್‌ಕೋಡನ್ನು ಅವರ ಫೋನಿನಲ್ಲಿ ತಾನೇ ಬರೆದುಕೊಟ್ಟ. ಕಾರಿನಲ್ಲಿ ಅಲ್ಲಿಗೆ ಬಿಟ್ಟು ಬರಲೇ ಎಂದು ಚರಿಷ್ಮಾ ಎರಡು ಸಲ ಕೇಳಿದ್ದಾಳೆ. ಚಳಿ ಕಳೆಯಲಿ ಎನ್ನುತ್ತಾರೆ ರಮಾನಾಥರು.