ಕಿವಿ ಕುಟ್ಟಿಸಿದ್ದು

ನನ್ನ ಕಿವಿಗಳು ಅಪ್ಪನವು. ಇಬ್ಬರವೂ ತಲೆಯ ಎರಡೂ ಕಡೆ ಮೊರದಂತೆ ಚಾಚಿಕೊಂಡಿದ್ದವು. ಕುರುಗೋಡಿನ ಸಾಲೆಯಲ್ಲಿ ನನಗೆ ಮೊರಗಿವಿ ಎಂದೇ ಹೆಸರು. ಅಳುತ್ತಾ ಮನೆಗೆ ಬಂದರೆ ಅಪ್ಪ ಒಂದು ಕೈಯಲ್ಲಿ ತನ್ನ ಕಿವಿ, ಇನ್ನೊಂದರಲ್ಲಿ ನನ್ನ ಕಿವಿ ಹಿಡಿದು, "ಗಣಪ್ಪನ ವಂಶ ನಮ್ದು. ಅವರಿಗೆಲ್ಲಿ ಬರಬೇಕು ಇಂಥಾವು?" ಎನ್ನುತ್ತಿದ್ದ. "ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ಅವ್ವ ಒಳಗಿನಿಂದಲೇ ಗೊಣಗುತ್ತಿದ್ದಳು. ಯಾರನ್ನು ನಂಬಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ನನಗೆ ಹದಿನೈದು. ಸಿರುಗುಪ್ಪದ ಸೋದರಮಾವನ ಮನೆಯಲ್ಲಿ ನನ್ನನ್ನು ನೋಡಲು ದೇಶನೂರಿನಿಂದ ಗಂಡಿನ ಕಡೆಯವರು ಬಂದರು. ಕಿವಿ ಮುಚ್ಚಲೆಂದೇ ಅವ್ವ ಬಾಚಿದ್ದ ಕೂದಲನ್ನು ಒಬ್ಬ ಮುದುಕಿ ಬೆರಳಿಂದ ಸರಿಸಿ, "ಹುಡುಗಿ ಲಕ್ಷಣ ಅದಾಳ, ಕಿವಿ ಅಷ್ಟ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಅವರಿಂದ ಮತ್ತೆ ಸುದ್ದಿ ಬರಲಿಲ್ಲ. ಅವ್ವ ಮೂರು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಪ್ಪು ನಾನು ಮಾಡಿದ್ದೇ, ಅಪ್ಪ ಮಾಡಿದ್ದೇ?

ಮಾವನ ಹೆಂಡತಿ, ಎಂದರೆ ನನ್ನ ಅತ್ತೆ, ಆದೋನಿ ಕಡೆಯ ತೆಲುಗು ಹೆಣ್ಣು. ಬಳ್ಳಾರಿಯಲ್ಲಿ ಆಕೆಗೆ ಒಬ್ಬ ಡಾಕ್ಟರ ಪರಿಚಯವಿತ್ತು. ಯುದ್ಧದಲ್ಲಿ ಗಾಯಗೊಂಡ ಸಿಪಾಯಿಗಳ ಮುಖ ಹೊಲಿದು ಊರಿಗೆ ಮರಳಿದ್ದವರು. ಅತ್ತೆ ಕುರುಗೋಡಿಗೆ ಬಂದವಳೇ ಪಡಸಾಲೆಯಲ್ಲಿ ಕೂತು ಅಪ್ಪನಿಗೆ, "ಪಿಲ್ಲಕು ಚೆವುಲು ಕುಟ್ಟಿಂಚೇದ್ದಾಂ, ಅಣ್ಣಯ್ಯ," ಎಂದಳು, ಹುಡುಗಿಗೆ ಕಿವಿ ಕುಟ್ಟಿಸಿಬಿಡೋಣ ಎಂದು; ಬಳ್ಳಾರಿಗೆ ಕರೆದೊಯ್ಯೋಣ ಎಂದೂ ಸೇರಿಸಿದಳು.

ಕುಟ್ಟುವುದೆಂದರೆ ನನಗೆ ಒರಳು, ಒನಕೆ, ಒಣಮೆಣಸಿನಕಾಯಿ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಆದರೆ ತೆಲುಗಿನವರು ಹೊಲಿಯುವುದಕ್ಕೂ ಕುಟ್ಟುವುದು ಎನ್ನುತ್ತಾರೆ, ಕಿವಿ ಚುಚ್ಚಿಸುವುದಕ್ಕೂ ಅದನ್ನೇ ಎನ್ನುತ್ತಾರೆ. ಸಂತೆಯಲ್ಲಿ ಅಷ್ಟಿಷ್ಟು ತೆಲುಗು ಕಲಿತಿದ್ದ ಅಪ್ಪ, ಬುಗುಡಿ ಹಾಕಲು ಮೇಲಿನ ಕಿವಿ ಚುಚ್ಚಿಸುವ ಮಾತು ಎಂದೇ ತಿಳಿದ.

"ಅದಕ್ಕ ಬಳ್ಳಾರಿತನಕ ಯಾಕ? ಇಲ್ಲೇ ಅಕ್ಕಸಾಲಿಗ ಅದಾನಲ್ಲ?"

"ಅಲ್ಲಿ ನೋವಾಗಂಗಿಲ್ರಿ," ಎಂದು ಅವ್ವ ತಟ್ಟನೆ ಹೇಳಿಬಿಟ್ಟಳು. ಅಪ್ಪನ ಕಿವಿಯ ಮೇಲೆ ಹೂ ಇಟ್ಟದ್ದು ಹೀಗೆ.

ಆಮೇಲೆ ಒಲೆಯ ಮುಂದೆ ಅವ್ವ ನನಗೆ ನಿಜ ಹೇಳಿದಳು. "ಹಿಂದ ಕೊಯ್ದು, ಹೊಲಿದು, ತಲಿಗೆ ಕೂಡಿಸ್ತಾರ. ನಿಮ್ಮಪ್ಪಗ ಹೇಳಬ್ಯಾಡ, ಒಪ್ಪಂಗಿಲ್ಲ." ಒಂದು ವಾರವಿಡೀ ಹೇಳಲೋ ಬೇಡವೋ ಎಂದು ಒದ್ದಾಡಿದೆ. ಒಂದು ದಿನ ಅಪ್ಪನೇ ಹತ್ತಿರ ಬಂದು, "ಯವ್ವಾ, ಬುಗುಡಿ ಎಂಥಾವು ಬೇಕು? ಮುತ್ತಿನವೇನು?" ಎಂದು ಕೇಳಿದ. ನಾನು, "ಮುತ್ತಿನವು," ಎಂದೆ. ಅದು ಸುಳ್ಳೋ, ಹೆದರಿಕೆಯೋ, ನಿಜವಾಗಿ ಮುತ್ತಿನವೇ ಬೇಕಿದ್ದವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಕಿವಿಗಳನ್ನು ಮಡಿಸಿ ನೋಡಿ, "ನೀಕು ಇಷ್ಟಮೇನಾ?" ಎಂದರು. ನಿನಗೆ ಇಷ್ಟವೇ ಎಂದು ಕೇಳಿದವರು ಅವರೊಬ್ಬರೇ. ನಾನು ಅವ್ವನ ಮುಖ ನೋಡಿದೆ. ಅವ್ವ ಅತ್ತೆಯ ಮುಖ ನೋಡಿದಳು. "ಇಷ್ಟಮೇ," ಎಂದಳು ಅತ್ತೆ.

ಹೊಲಿಗೆ ಹಾಕಿದ ಮೂರನೆಯ ದಿನ ಅಪ್ಪ ಬಂದ. ಕೈಯಲ್ಲಿ ಕರವಸ್ತ್ರದ ಗಂಟು. ಗದ್ದದಿಂದ ನೆತ್ತಿಯವರೆಗೆ ಬ್ಯಾಂಡೇಜು ಸುತ್ತಿದ ನನ್ನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. "ಏನಾತು? ಎಲ್ಲಿ ಬಿದ್ದೀ?" ಎಂದ. ಅವ್ವ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದಳು. ಬೈಯುತ್ತಾನೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಪ್ಪ ಗಂಟನ್ನು ಜೇಬಿಗೆ ಹಾಕಿಕೊಂಡು, ಅಲ್ಲೇ ಇದ್ದ ಕಂಪೌಂಡರನನ್ನು ಕೇಳಿದ: "ಹೊಲಿಗಿ ಬಿಚ್ಚಿದ್ರ ಮತ್ತ ಮೊದಲಿನಂಗ ಆಗ್ತಾವೇನ್ರಿ?"

ಕಂಪೌಂಡರ್ ಹೆಮ್ಮೆಯಿಂದ, "ಛೇ, ಇನ್ನ ಜನ್ಮದಾಗ ಆಗಂಗಿಲ್ಲ!" ಎಂದ.

ಅಪ್ಪ ಕೇಳಿದ್ದು ಆಸೆಯಿಂದಲೋ ಹೆದರಿಕೆಯಿಂದಲೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಬ್ಯಾಂಡೇಜು ಬಿಚ್ಚಿದ ದಿನ ಕನ್ನಡಿಯಲ್ಲಿ ಕಿವಿಗಳು ಜಾಣ ಮಕ್ಕಳಂತೆ ತಲೆಗಂಟಿ ಕೂತಿದ್ದವು. ನನಗೆ ಸಂತೋಷವಾಯಿತು, ಬಹಳ ಸಂತೋಷವಾಯಿತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಊರಿಗೆ ಮರಳಿದಾಗ ಓಣಿಯ ಹೆಂಗಸರೆಲ್ಲ ಬಂದು ನೋಡಿ, "ಈಗ ನೋಡು, ಎಷ್ಟು ಚಂದ ಕಾಣ್ತಾಳ!" ಎಂದು ನನ್ನ ಕೆನ್ನೆ ಸವರಿದರು. ಅಪ್ಪ ಕಂಬಕ್ಕೊರಗಿ ಎಲ್ಲವನ್ನೂ ಕೇಳಿಸಿಕೊಂಡ. ಅವರು ಹೋದ ಮೇಲೆ ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಚಲೋ ಆಗ್ಯಾವು ಬಿಡವ್ವ," ಎಂದ.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೊರಟಾಗ ಅಪ್ಪ ರುಮಾಲು ಸುತ್ತಲು ತುಂಬಾ ಹೊತ್ತು ತೆಗೆದುಕೊಂಡ. ಯಾವಾಗಲೂ ಕಿವಿಯ ಮೇಲಕ್ಕೆ ಸುತ್ತುತ್ತಿದ್ದವನು, ಅಂದು ಎರಡೂ ಕಿವಿ ಮುಚ್ಚುವಂತೆ ಕೆಳಗೆ ಎಳೆದು ಬಿಗಿದುಕೊಂಡ. ಸಾಯುವತನಕ ಹಾಗೆಯೇ ಸುತ್ತಿದ.