ಸೊಪ್ಪಿನಂಗಡಿ ಎಂಬ ಸಂಸ್ಥೆ

ನಮ್ಮ ಅಡುಗೆಮನೆಯಲ್ಲಿರುವ ಸ್ಟೀಲ್ ಪಾತ್ರೆಗಳಲ್ಲಿ ಕಾಲುಭಾಗ ನಮ್ಮವಲ್ಲ. ಇದನ್ನು ಇಷ್ಟು ಖಚಿತವಾಗಿ ಒಪ್ಪಿಕೊಳ್ಳಲು ಕಾರಣ, ಅವುಗಳ ಮೇಲೆಯೇ ಹಾಗೆಂದು ಬರೆದಿದೆ. ಒಂದು ಡಬರಿಯ ಅಂಚಿನಲ್ಲಿ ಚುಕ್ಕಿಚುಕ್ಕಿ ಅಕ್ಷರದಲ್ಲಿ ‘ಚಿ. ಸೌ. ನಾಗಲಕ್ಷ್ಮಿಯ ಮದುವೆಗೆ ಸೋದರತ್ತೆ ಕಮಲಮ್ಮನಿಂದ’ ಎಂದು ಕೊರೆದಿದೆ, ಕೆಳಗೆ ತಾರೀಖು. ಈ ನಾಗಲಕ್ಷ್ಮಿ ಯಾರೋ ನನಗೆ ಗೊತ್ತಿಲ್ಲ, ನನ್ನ ಹೆಂಡತಿಗೂ ಗೊತ್ತಿಲ್ಲ. ಯಾವ ಕಾಲದಲ್ಲೋ ಯಾರ ಮನೆಯಿಂದಲೋ ಹುಳಿಯನ್ನೋ ಪಾಯಸವನ್ನೋ ಹೊತ್ತು ಬಂದ ಡಬರಿ ಇಲ್ಲೇ ಠಿಕಾಣಿ ಹೂಡಿದೆ. ಆದರೂ ಅದರ ಪೂರ್ವಾಪರವೆಲ್ಲ ನಮಗೆ ಗೊತ್ತು. ಕೊಟ್ಟವರು ಯಾರು, ಪಡೆದವರು ಯಾರು, ಅವರಿಗೆ ಇವರು ಏನಾಗಬೇಕು, ಯಾವ ದಿನ, ಯಾವ ಸಂದರ್ಭ, ಎಲ್ಲವೂ ಒಂದೇ ಸಾಲಿನಲ್ಲಿದೆ.

ಈ ಸಾಲಿನ ಬೆಲೆ ನನಗೆ ತಿಳಿದದ್ದು ತೀರ ಇತ್ತೀಚೆಗೆ. ನಾನು ಬಸವನಗುಡಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಪುಸ್ತಕ ಕೇಳಿಕೊಂಡು ಬರುವವರು ಕಡಿಮೆಯಾದ ಮೇಲೆ, ಕೂತು ಸಂಬಳ ತಿನ್ನುವುದು ಬೇಡವೆಂದೋ ಏನೋ, ನನಗೆ ಇನ್ನೊಂದು ಕೆಲಸ ಹಚ್ಚಿದರು. ಬಸವನಗುಡಿಯ ನಾವು, ಮಲ್ಲೇಶ್ವರದ ಒಂದು ಕಾಲೇಜು, ಚಾಮರಾಜಪೇಟೆಯ ಒಂದು ಸಂಶೋಧನಾ ಸಂಸ್ಥೆ, ಈ ಮೂವರೂ ತಮ್ಮ ತಮ್ಮ ಸಂಶೋಧನೆಯ ವಿವರಗಳನ್ನು ಪರಸ್ಪರ ಹಂಚಿಕೊಳ್ಳಬೇಕು. ಅದಕ್ಕೆ ಮೂವರಿಗೂ ಒಪ್ಪಿಗೆಯಾಗುವ ಒಂದೇ ನಮೂನೆ ಬೇಕು. ಅದುವರೆಗೆ ನಾವು ವಿವರಗಳನ್ನು ವರ್ಷದ ಪ್ರಕಾರ ಇಟ್ಟಿದ್ದೆವು. ಮಲ್ಲೇಶ್ವರದವರು ವಿಭಾಗದ ಪ್ರಕಾರ ಇಟ್ಟಿದ್ದರು. ಚಾಮರಾಜಪೇಟೆಯವರು ಯಾವ ಕಡತ ಯಾವ ಬೀರುವಿನಲ್ಲಿದೆ ಎಂಬುದರ ಪ್ರಕಾರ ಇಟ್ಟಿದ್ದರು, ಮತ್ತು ಒಂದು ಬೀರುವಿನ ಬೀಗದ ಕೈ ಕಳೆದುಹೋಗಿತ್ತು.

ಒಂದು ವರ್ಷ ಸಭೆ ನಡೆಯಿತು. ಕಾಫಿ, ಬಿಸ್ಕತ್ತು, ಜಗಳ, ಮತ್ತೆ ಕಾಫಿ. ಕೊನೆಗೆ ಹೊರಬಂದ ನಮೂನೆ ನೋಡಲು ಸರಳವಾಗಿಯೇ ಇತ್ತು. ಮನುಷ್ಯರು ಒಂದು ಕಡೆ, ಸಂಸ್ಥೆಗಳು ಒಂದು ಕಡೆ, ಮಾಡಿದ ಕೆಲಸ ಇನ್ನೊಂದು ಕಡೆ. ಇವುಗಳನ್ನು ಜೋಡಿಸುವ ಒಂದೊಂದು ಗೆರೆಯ ಮೇಲೂ ಮೂರು ಸಂಗತಿ ಬರೆಯಬೇಕು: ಯಾವ ಹೊಣೆಯಲ್ಲಿ, ಯಾವಾಗಿನಿಂದ, ಯಾವಾಗಿನವರೆಗೆ. ಹೊಣೆಯನ್ನು ಬಾಯಿಗೆ ಬಂದಂತೆ ಬರೆಯುವಂತಿಲ್ಲ. ಅದಕ್ಕೊಂದು ಪಟ್ಟಿ ಇದೆ, ಪಟ್ಟಿಯಲ್ಲಿರುವ ಪ್ರತಿ ಹೊಣೆಗೂ ಒಂದು ವಿವರಣೆ ಇದೆ. ಆ ವಿವರಣೆಗಳಲ್ಲಿ ಹಲವನ್ನು ಬರೆಸಿದವನು ನಾನೇ ಎಂಬುದನ್ನು ಕೇಳಿದವರಿಗೂ ಕೇಳದವರಿಗೂ ಆಗ ಹೇಳುತ್ತಿದ್ದೆ.

ನನ್ನ ಹೆಂಡತಿ ಇದನ್ನೆಲ್ಲ ಕೇಳಿ, “ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಇದನ್ನೇ ಅಲ್ವಾ ಹೇಳೋದು?” ಎಂದಳು. ಯೋಚಿಸಿ ನೋಡಿದರೆ ಹೌದು. ಒಂದು ಹೂವು ಏರಿಸುವ ಮುಂಚೆ ಸಂವತ್ಸರ, ಮಾಸ, ಪಕ್ಷ, ತಿಥಿ ಹೇಳಿ, ಯಾವ ಖಂಡ, ಯಾವ ನದಿಯ ಯಾವ ದಂಡೆ ಎಂದು ಹೇಳಿ, ಗೋತ್ರ ಹೇಳಿ, ಹೆಸರು ಹೇಳಿ, ಯಾತಕ್ಕೆ ಈ ಪೂಜೆ ಎಂಬುದನ್ನೂ ಹೇಳಿಯೇ ಮುಂದುವರಿಯುತ್ತೇವೆ. ದೇವರಿಗೂ ವಿವರ ಅಚ್ಚುಕಟ್ಟಾಗಿ ಬೇಕು. “ಆದ್ರೆ ನೀವು ನಿಮ್ಮ ಗೋತ್ರ ಹೇಳೋವಾಗ ಪ್ರತಿ ಸಲ ನನ್ನ ಮುಖ ನೋಡ್ತೀರಾ” ಎಂದೂ ಸೇರಿಸಿದಳು. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಒಂದು ದಿನ ನಮ್ಮ ಸಸ್ಯಶಾಸ್ತ್ರ ವಿಭಾಗದ ವಸಂತಾ ಮೇಡಂ ಗ್ರಂಥಾಲಯಕ್ಕೆ ಬಂದರು. ಆ ತಿಂಗಳ ಕೊನೆಗೆ ಅವರ ನಿವೃತ್ತಿ. ಹಳೇ ಬೆಂಗಳೂರಿನ ಮಾರುಕಟ್ಟೆಗಳಿಗೆ ಬರುವ ಸೊಪ್ಪುಗಳ ಮೇಲೆ ಅವರು ಬಹಳ ವರ್ಷ ಕೆಲಸ ಮಾಡಿದ್ದರು. ಯಾವ ಸೊಪ್ಪು ಯಾವ ತಿಂಗಳು ಬರುತ್ತದೆ, ಯಾವುದರ ಕುಡಿ ಚಿವುಟಬೇಕು, ಯಾವುದನ್ನು ಬೇರುಸಹಿತ ಕೀಳಬೇಕು, ಯಾವುದರ ಜೊತೆ ಯಾವುದನ್ನು ಬೆರೆಸಬಾರದು, ಎಲ್ಲವೂ ಚಿತ್ರಸಹಿತ. ತಿಂಗಳು ಮುಗಿದ ಕೂಡಲೇ ಆ ದಾಖಲೆಗೆ ಯಾರೂ ತಿದ್ದಲಾಗದಂತೆ ಬೀಗ ಬಿದ್ದು, ಪೂರ್ತಿ ಚಾಮರಾಜಪೇಟೆಗೆ ಹೋಗಬೇಕಿತ್ತು. ಮುಂದೆ ಯಾರಿಗೆ ಬೇಕಾದರೂ ಅದು ಸಿಗುವುದು ಅಲ್ಲಿಂದಲೇ.

“ರಾಯರೇ, ನನ್ನ ವರದಿಯ ಮೊದಲನೇ ಪುಟದಲ್ಲಿ ಗೌರಮ್ಮನಿಗೆ ಕೃತಜ್ಞತೆ ಅಂತ ಬರೆದಿದೀನಿ. ಅದು ಹೋಗುತ್ತೆ ತಾನೆ?” ಎಂದು ಕೇಳಿದರು.

“ಕೃತಜ್ಞತೆಗೆ ನಮೂನೆಯಲ್ಲಿ ಜಾಗ ಇಲ್ಲ ಮೇಡಂ. ಅದು ಇಲ್ಲೇ ಉಳಿಯುತ್ತೆ” ಎಂದೆ.

ಗೌರಮ್ಮ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಫುಟ್‌ಪಾತಿನಲ್ಲಿ ಸೊಪ್ಪು ಮಾರುವ ಹೆಂಗಸು. ಮನೆ ಶ್ರೀರಾಂಪುರ. ವಸಂತಾ ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, “ಎಲೆ ನೋಡಿ ಲ್ಯಾಟಿನ್ ಹೆಸರು ಹೇಳೋದು ನನಗೆ ಗೊತ್ತಿತ್ತು, ಅಷ್ಟೇ. ಉಳಿದಿದ್ದೆಲ್ಲ ಆಕೆ ಹೇಳಿದ್ದು. ಆಕೆ ಹೆಸರಿಲ್ಲದೆ ಕಳಿಸಿದ್ರೆ ಅದು ಕಳ್ಳತನ ರಾಯರೇ. ನನಗೆ ನಿದ್ದೆ ಬರಲ್ಲ” ಎಂದರು.

ನನಗೆ ಕನಿಕರವಾಯಿತು. ಜೊತೆಗೆ, ನಾವು ಮಾಡಿದ ನಮೂನೆ ಇಷ್ಟು ಸಣ್ಣ ಕೆಲಸಕ್ಕೆ ಬಾರದೆ ಹೋಗುವುದೇ ಎಂಬ ಅಭಿಮಾನವೂ ಕೆರಳಿತು. ಕಂಪ್ಯೂಟರ್ ಮುಂದೆ ಕೂತೆ. ಗೌರಮ್ಮನ ಹೆಸರನ್ನು ಮನುಷ್ಯರ ಕಡೆ ಸೇರಿಸಿದೆ. ತಕ್ಷಣ ಕೆಂಪು ನಕ್ಷತ್ರ ಬಂತು: ಸಂಸ್ಥೆಯ ಹೆಸರು ಕಡ್ಡಾಯ. ಯಾವ ಸಂಸ್ಥೆಗೂ ಸೇರದ ಮನುಷ್ಯ ಇರಬಹುದೆಂದು ಒಂದು ವರ್ಷದ ಸಭೆಯಲ್ಲಿ ನಮ್ಮ ಯಾರಿಗೂ ಹೊಳೆದಿರಲಿಲ್ಲ.

“ನಮ್ಮ ಕಾಲೇಜಿನ ಹೆಸರೇ ಹಾಕಿಬಿಡ್ಲಾ?” ಎಂದು ಕೇಳಿದೆ.

“ಒಂದ್ಸಲ ಸೊಪ್ಪಿನ ಮಾದರಿ ತಂದುಕೊಡೋಕೆ ಬಂದಾಗ ನಮ್ಮ ಗೇಟ್‌ನಲ್ಲೇ ಆಕೇನ ತಡೆದು ವಾಪಸ್ ಕಳಿಸಿದಾರೆ. ಈಗ ನಮ್ಮವಳು ಅಂತ ಬರ್ಕೊಳ್ಳೋದಾ? ಬೇಡ” ಎಂದು ಮೇಡಂ ಎದ್ದು ಹೋದರು.

ಆಗ ಸಂಸ್ಥೆ ಎಂದರೇನು ಎಂಬ ವಿವರಣೆಯನ್ನು ತೆಗೆದು ಓದಿದೆ. ‘ಗೊತ್ತಾದ ಸ್ಥಳದಲ್ಲಿ ನಿರಂತರವಾಗಿ ಕೆಲಸ ಮಾಡುವ, ಮುಖ್ಯಸ್ಥರೊಬ್ಬರಿರುವ ಘಟಕ.’ ನಮ್ಮ ಕಾಲೇಜಿನಲ್ಲೇ ಒಂದೆರಡು ವಿಭಾಗಗಳು ಈ ಪರೀಕ್ಷೆಯಲ್ಲಿ ಪಾಸಾಗುವುದು ಕಷ್ಟ. ಗೌರಮ್ಮನ ಅಂಗಡಿ ಸಲೀಸಾಗಿ ಪಾಸಾಯಿತು. ಸಂಸ್ಥೆ: ಗೌರಮ್ಮ ಸೊಪ್ಪಿನಂಗಡಿ. ಮುಖ್ಯಸ್ಥರು: ಗೌರಮ್ಮ. ಸಿಬ್ಬಂದಿ: ಒಬ್ಬರು. ಕಟ್ಟಡದ ಕಾಲಂನಲ್ಲಿ ತುಸು ಯೋಚಿಸಿ ‘ತೆರೆದ ಆವರಣ’ ಎಂದು ತುಂಬಿದೆ. ಸೊಪ್ಪಿನ ಸಂಶೋಧನೆಗೂ ಆಕೆಗೂ ನಡುವೆ ಗೆರೆ ಎಳೆದೆ. ಹೊಣೆ ಎಂಬಲ್ಲಿ ಪಟ್ಟಿಯ ಕೊನೆಯಲ್ಲಿದ್ದ ‘ಇತರ ಸಹಾಯ’ವನ್ನು ಒತ್ತಿದೆ. ಒತ್ತುವಾಗ ಒಂದು ಕ್ಷಣವೂ ತಡೆಯಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ನಿಜವಾದ ತಪ್ಪೊಪ್ಪಿಗೆ ಡಬರಿಯದಲ್ಲ, ಇದು.

ಮೂರನೇ ದಿನ ಚಾಮರಾಜಪೇಟೆಯ ಸಂಸ್ಥೆಯಿಂದ ಶ್ರೀನಾಥನ ಫೋನು. ಅಲ್ಲಿ ನನ್ನದೇ ಕೆಲಸ ಮಾಡುವ ತರುಣ. ನನಗಿಂತ ಚುರುಕು, ನನ್ನಷ್ಟು ಮಾತಿಲ್ಲ.

“ಸಾರ್, ನಿಮ್ಮ ಕಡೆಯಿಂದ ಹೊಸ ಸಂಸ್ಥೆ ಒಂದು ಬಂದಿದೆ. ತೆರೆದ ಆವರಣ ಅಂತಿದೆ. ಅಂದ್ರೆ ಗಾರ್ಡನ್ನಾ?”

“ಫುಟ್‌ಪಾತ್ ಕಣಪ್ಪಾ.”

ಹೊಸ ಸಂಸ್ಥೆಯನ್ನು ಸೇರಿಸಿದರೆ ಬೇರೆ ಸದಸ್ಯರೊಬ್ಬರು ಖುದ್ದಾಗಿ ಹೋಗಿ ನೋಡಿ ದೃಢಪಡಿಸಬೇಕೆಂಬ ನಿಯಮವಿತ್ತು. “ಹಾಗಾದ್ರೆ ನಾನು ಬಂದು ನೋಡ್ಬೇಕು ಸಾರ್” ಎಂದ.

“ಬೆಳಿಗ್ಗೆ ಬೇಗ ಬಾ. ಹತ್ತು ಗಂಟೆ ಮೇಲೆ ಸಂಸ್ಥೆ ಖಾಲಿ ಆಗಿರುತ್ತೆ.”

ಶನಿವಾರ ಬೆಳಿಗ್ಗೆ ವಸಂತಾ ಮೇಡಂ, ಶ್ರೀನಾಥ, ನಾನು ಮೂವರೂ ಎಂಟನೇ ಅಡ್ಡರಸ್ತೆಯಲ್ಲಿ ಸೇರಿದೆವು. ಗೌರಮ್ಮ ಗೋಣಿಚೀಲದ ಮೇಲೆ ಕಟ್ಟುಗಳನ್ನು ಜೋಡಿಸಿ ಹಳೆಯ ಪ್ಲಾಸ್ಟಿಕ್ ಡಬ್ಬಿಯಿಂದ ನೀರು ಚಿಮುಕಿಸುತ್ತಿದ್ದರು. “ಏನ್ ಮೇಡಮ್ಮೋರೆ, ಇವತ್ತು ಜನಾನ ಕರ್ಕೊಂಡ್ ಬಂದಿದೀರಾ?” ಎಂದರು.

ಶ್ರೀನಾಥ ಟ್ಯಾಬ್ ತೆರೆದು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತ. “ಅಮ್ಮಾ, ಮೇಡಂ ಈ ಕೆಲಸಕ್ಕೆ ನಿಮ್ಮ ಹತ್ರ ಬರೋಕೆ ಶುರು ಮಾಡಿದ್ದು ಯಾವಾಗಿಂದ?”

“ಅವ್ರು ಬಸುರಿ ಇದ್ದಾಗ್ಲಿಂದ. ಒಂದ್ ಕಟ್ಟು ಎತ್ಕೊಂಡು ಉದ್ದಕ್ಕೆ ಏನೋ ಒಂದ್ ಹೆಸ್ರು ಹೇಳಿದ್ರು. ಹೆಂಗ್ ಬೇಯಿಸ್ತೀರಾ ಅಂದೆ. ಗೊತ್ತಿಲ್ಲ ಅಂದ್ರು. ನಂಗೆ ನಗು ಬಂತು. ಅವತ್ತಿಂದಾನೆ.”

ಮೇಡಂ ತಮ್ಮ ಮಗಳ ವಯಸ್ಸನ್ನು ಲೆಕ್ಕ ಹಾಕಿ ವರ್ಷ ಹೇಳಿದರು. ಶ್ರೀನಾಥ ಬರೆದುಕೊಂಡ. “ನೀವು ಏನೇನ್ ಮಾಡ್ತಿದ್ರಿ?”

“ನಾನೇನ್ ಮಾಡ್ಲಿ? ಹೇಳ್ಕೊಡ್ತಿದ್ದೆ. ಅವ್ರು ಬರ್ಕೊಳ್ಳೋರು. ಬರ್ದಿದ್ದು ಓದಿ ಅಂತಿದ್ದೆ. ತಪ್ಪಿದ್ರೆ ಹೊಡ್ದಾಕ್ಸಿ ಸರಿಯಾಗಿ ಬರಿಸ್ತಿದ್ದೆ. ಪಾಪ, ಏನೂ ಬೇಜಾರ್ ಮಾಡ್ಕೊಳ್ತಿರ್ಲಿಲ್ಲ.”

ಶ್ರೀನಾಥನ ಬೆರಳು ನಿಂತಿತು. ಹೊಣೆಗಳ ಪಟ್ಟಿಯನ್ನು ಮೇಲಕ್ಕೆ ಸರಿಸಿದ. ಒಂದು ಕಡೆ ನಿಲ್ಲಿಸಿ ಗಟ್ಟಿಯಾಗಿ ಓದಿದ: “ಮಾರ್ಗದರ್ಶಕರು. ಸಂಶೋಧನೆ ಮಾಡುವವರಿಗೆ ವಿಷಯ ತಿಳಿಸಿಕೊಟ್ಟು, ಅವರು ಬರೆದದ್ದನ್ನು ಪರಿಶೀಲಿಸಿ, ತಪ್ಪು ತಿದ್ದುವವರು.” ನನ್ನ ಕಡೆ ತಿರುಗಿ, “ಸಾರ್, ಇದ್ರಲ್ಲಿ ಡಿಗ್ರಿ ಇರ್ಬೇಕು ಅಂತ ಎಲ್ಲೂ ಇಲ್ವಲ್ಲ” ಎಂದ.

ಇರಲಿಲ್ಲ. ಅದು ನಾನು ಬರೆಸಿದ ವಾಕ್ಯ. ಆ ವಾಕ್ಯಕ್ಕಾಗಿ ಸಭೆಯಲ್ಲಿ ಒಂದು ಇಡೀ ಮಧ್ಯಾಹ್ನ ವಾದಿಸಿದ್ದೆ. ಆಮೇಲೆ ಅದೇ ವಾಕ್ಯ ಕಣ್ಣೆದುರಿಗಿದ್ದರೂ ಅದನ್ನು ದಾಟಿಕೊಂಡು ಪಟ್ಟಿಯ ಕೊನೆಗೆ ಹೋಗಿ ‘ಇತರ ಸಹಾಯ’ ಒತ್ತಿದ್ದೆ. ನಮೂನೆಯಲ್ಲಿ ಗೌರಮ್ಮನಿಗೆ ಜಾಗ ಇತ್ತು. ಇರದಿದ್ದದ್ದು ನನ್ನ ತಲೆಯಲ್ಲಿ. ನಾಚಿಕೆಯಾಯಿತು, ಆದ್ದರಿಂದ ಒಂದು ಕಟ್ಟು ಸಬ್ಬಸಿಗೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

“ಹಾಕಪ್ಪಾ. ಅದೇ ಸರಿ. ಇಷ್ಟು ವರ್ಷ ನನಗೂ ಹೊಳೀಲಿಲ್ಲ ನೋಡು” ಎಂದರು ಮೇಡಂ. ಅವರ ಕಣ್ಣು ತುಂಬಿತ್ತು.

ಆದರೆ ಮಾರ್ಗದರ್ಶಕರೆಂದು ನಮೂದಿಸಿದ ಮೇಲೆ ಇನ್ನೊಂದು ನಿಯಮ ತಾನಾಗಿಯೇ ಎಚ್ಚೆತ್ತಿತು. ಮಾರ್ಗದರ್ಶಕರು ಪೂರ್ತಿ ನೋಡಿ ಒಪ್ಪಿಗೆ ಒತ್ತದ ಹೊರತು ದಾಖಲೆ ಮುಂದಕ್ಕೆ ಹೋಗುವುದಿಲ್ಲ. ಗಿರಾಕಿಗಳ ನಡುನಡುವೆ ಒಂದೊಂದೇ ಚಿತ್ರ ತೋರಿಸುತ್ತ, ಕೆಳಗಿನದನ್ನು ಓದಿ ಹೇಳುತ್ತ ಕೂತೆವು. ಹೊನಗೊನ್ನೆ, ಗಣಿಕೆ, ಚಕ್ಕೋತ, ಬಸಳೆ, ಎಲ್ಲದಕ್ಕೂ ಗೌರಮ್ಮ “ಹ್ಞೂಂ, ಮುಂದಕ್ಕೆ” ಎನ್ನುತ್ತಿದ್ದರು. ಅರ್ಧ ದಾಟಿದ ಮೇಲೆ ಒಂದು ಚಿತ್ರದ ಹತ್ತಿರ ಕೈ ಅಡ್ಡ ಹಿಡಿದರು.

“ಇದೇನ್ ಮೇಡಮ್ಮೋರೆ? ಕಿರಕಸಾಲೆ ಅಂತ ಬರ್ದಿದೀರಾ? ಇದು ಎಳೇ ಅಣ್ಣೆ ಸೊಪ್ಪಲ್ವಾ?”

ಮೇಡಂ ಕನ್ನಡಕ ತೆಗೆದು, ಹಾಕಿಕೊಂಡು, ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಹೌದು. ಎರಡು ಚಿತ್ರ ಅದಲುಬದಲಾಗಿದ್ದವು. ಇಬ್ಬರು ತಜ್ಞರು ನೋಡಿ ಸಹಿ ಹಾಕಿದ್ದ ವರದಿ ಅದು. ನಾನಂತೂ ಪ್ರತಿ ಚಿತ್ರಕ್ಕೂ ಸಂಖ್ಯೆ ಕೊಟ್ಟು ಪುಟ ಸರಿ ಇದೆಯೆಂದು ಬೀಗಿದ್ದೆ. ಶ್ರೀನಾಥ, “ಆಫೀಸಿಗೆ ಹೋಗಿ ಸರಿ ಮಾಡ್ತೀವಮ್ಮಾ, ನೀವೀಗ ಇಲ್ಲಿ ಒತ್ತಿಬಿಡಿ” ಎಂದ.

“ಮೊದ್ಲು ಸರಿ ಮಾಡಪ್ಪಾ. ಆಮೇಲ್ ಒತ್ತುತೀನಿ.”

ಅಲ್ಲೇ ಕೂತು ಸರಿ ಮಾಡಿದೆವು. ಗೌರಮ್ಮ ಒತ್ತಿದರೆ ಟ್ಯಾಬ್ ಕೇಳಲಿಲ್ಲ, ಬೆರಳು ಒದ್ದೆ. ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಒತ್ತಿದರು. ಹಸಿರು ಗುರುತು ಬಂತು. ಇನ್ನೊಂದೇ ಕಾಲಂ ಬಾಕಿ ಇತ್ತು.

“ಯಾವಾಗಿನವರೆಗೆ ಅಂತ ಹಾಕ್ಲಿ? ಈ ತಿಂಗಳ ಕೊನೆಗೆ ಮೇಡಂ ರಿಟೈರ್ ಆಗ್ತಾರೆ” ಎಂದ ಶ್ರೀನಾಥ.

“ಯಾಕೆ, ರಿಟೈರ್ ಆದ್ರೆ ಸೊಪ್ಪು ತಿನ್ನಲ್ವಾ?” ಎಂದರು ಗೌರಮ್ಮ.

ಶ್ರೀನಾಥ ನನ್ನ ಮುಖ ನೋಡಿದ. ಆ ಕಾಲಂ ಖಾಲಿ ಬಿಡಲು ನಮ್ಮಲ್ಲಿ ಅವಕಾಶವಿದೆ. ಖಾಲಿ ಬಿಟ್ಟರೆ ಸಂಬಂಧ ಇನ್ನೂ ನಡೆಯುತ್ತಿದೆ ಎಂದರ್ಥ. ಖಾಲಿ ಬಿಟ್ಟ.

ತಿಂಗಳ ಕೊನೆಯಲ್ಲಿ ಕಾಲೇಜಿಗೂ ವಸಂತಾ ಮೇಡಂಗೂ ನಡುವಿನ ಗೆರೆಯ ಮೇಲೆ ಕೊನೆಯ ತಾರೀಖನ್ನು ನಾನೇ ತುಂಬಿದೆ. ಹಾರ, ಶಾಲು, ಹಣ್ಣಿನ ತಟ್ಟೆ, ಭಾಷಣ ಎಲ್ಲ ಆಯಿತು. ದಾಖಲೆ ಒಂದಕ್ಷರವೂ ಕಳೆಯದೆ ಚಾಮರಾಜಪೇಟೆ ಸೇರಿತು. ಈಗ ಅಲ್ಲಿ ಸೊಪ್ಪಿನ ಬಗ್ಗೆ ಯಾರೇ ಕೇಳಲಿ, ಮೊದಲು ವಸಂತಾ ಅವರ ಹೆಸರು, ಅದರ ಕೆಳಗೇ ಮಾರ್ಗದರ್ಶಕರು ಗೌರಮ್ಮ, ಗೌರಮ್ಮ ಸೊಪ್ಪಿನಂಗಡಿ, ಮಲ್ಲೇಶ್ವರ.

ಮೊನ್ನೆ ಮಸ್ಸೊಪ್ಪಿಗೆಂದು ಸೊಪ್ಪು ತರಲು ನಾನೇ ಅಲ್ಲಿಗೆ ಹೋದೆ. ಬಸವನಗುಡಿಯಲ್ಲಿ ಸೊಪ್ಪು ಸಿಗುವುದಿಲ್ಲವೆಂದಲ್ಲ. ನಮ್ಮ ಜಾಲದ ಒಂದು ಸದಸ್ಯ ಸಂಸ್ಥೆಗೆ ಭೇಟಿ ಕೊಟ್ಟಂತೆಯೂ ಆಗಲಿ ಎಂದು. ಹಳೆಯ ಪ್ಲಾಸ್ಟಿಕ್ ಡಬ್ಬಿಯ ಜಾಗದಲ್ಲಿ ಹೊಸ ಸ್ಟೀಲ್ ಚೊಂಬು ಕೂತಿತ್ತು. ಪಾತ್ರೆ ಕಂಡರೆ ಬಗ್ಗಿ ಓದುವುದು ನನ್ನ ಅಭ್ಯಾಸ. ಅಂಚಿನಲ್ಲಿ ಚುಕ್ಕಿಚುಕ್ಕಿ ಅಕ್ಷರ: ‘ಗೌರಮ್ಮನವರಿಗೆ, ವಿದ್ಯಾರ್ಥಿನಿ ವಸಂತಾಳಿಂದ.’

ಕೆಳಗೆ ಇನ್ನೊಂದು ಸಾಲಿರಬೇಕೆಂದು ಚೊಂಬನ್ನು ತಿರುಗಿಸಿದೆ. ನೀರು ಚಪ್ಪಲಿಯ ಮೇಲೆ ಚೆಲ್ಲಿತು.

“ಏನ್ ಸಾರ್ ಹುಡುಕ್ತಿದೀರಾ?”

“ತಾರೀಖು.”

“ಪಾತ್ರೆ ಅಂಗಡಿಯೋನೂ ಕೇಳಿದ್ನಂತೆ. ಮೇಡಮ್ಮೋರು ಬೇಡ ಅಂದ್ರಂತೆ” ಎಂದು ಗೌರಮ್ಮ ನನ್ನ ಕೈಯಿಂದ ಚೊಂಬು ತೆಗೆದುಕೊಂಡು, ಉಳಿದಿದ್ದ ನೀರನ್ನು ದಂಟಿನ ಕಟ್ಟುಗಳ ಮೇಲೆ ಚಿಮುಕಿಸಿದರು.

ತಾರೀಖು ಖಾಲಿ ಬಿಟ್ಟರೆ ಏನರ್ಥವೆಂದು ನನಗೆ ಚೆನ್ನಾಗಿ ಗೊತ್ತು. ಆ ನಿಯಮವನ್ನೂ ಸಭೆಯಲ್ಲಿ ಬರೆಸಿದವನು ನಾನೇ.