ಹೊಕ್ಕುಳ ಸುತ್ತಿನ ಬರೆ

1984ರಲ್ಲಿ ನಾನು ಯಲಹಂಕದ ಬಳಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಸ್ತ್ರೀರೋಗ ವೈದ್ಯೆಯಾಗಿದ್ದೆ. ಸಂತಾನ ನಿಯಂತ್ರಣದ ಆಪರೇಷನ್ನಿಗೆ ಲ್ಯಾಪರೋಸ್ಕೋಪ್ ಎಂಬ, ಹೊಟ್ಟೆಯೊಳಗೆ ಇಳಿಸಿ ನೋಡುವ ಕೊಳವೆ ಬಂದು ಸುತ್ತಲಿನ ಹಳ್ಳಿಗಳಲ್ಲೆಲ್ಲ ಅದರದೇ ಮಾತಾಗಿದ್ದ ಕಾಲ. ಆಪರೇಷನ್ ಶಿಬಿರದ ದಿನ ನಗರದಿಂದ ಹಿರಿಯ ಸರ್ಜನ್ ಒಬ್ಬರು ಉಪಕರಣಗಳ ಪೆಟ್ಟಿಗೆಯೊಡನೆ ಬರುತ್ತಿದ್ದರು. ಪಳಗಿದ ಕೈ ಅವರದು. ಆದರೆ ನಿಧಾನ ಎಂಬುದು ಅವರಿಗೆ ಆಗದು.

ಈ ವಿಧಾನದಲ್ಲಿ ಮೊದಲು ಹೊಕ್ಕುಳ ಕೆಳಗೆ ಸೂಜಿ ಚುಚ್ಚಿ ಹೊಟ್ಟೆಗೆ ಗ್ಯಾಸ್ ತುಂಬುತ್ತಾರೆ. ಹೊಟ್ಟೆಯ ಗೋಡೆ ಮೇಲೆದ್ದ ಬಳಿಕ ಟ್ರೋಕಾರ್ ಎಂಬ ಚೂಪಾದ ಸಲಕರಣೆಯನ್ನು ಒತ್ತಿ ಒಳಗಿಳಿಸುತ್ತಾರೆ. ಎರಡೂ ಒಳಗೇನಿದೆ ಎಂದು ಕಾಣದೆಯೇ ಆಗುವ ಕೆಲಸ. ಕರುಳು ಸಡಿಲವಾಗಿದ್ದರೆ ಪಕ್ಕಕ್ಕೆ ಸರಿದುಕೊಳ್ಳುತ್ತದೆ. ಹಳೆಯ ಆಪರೇಷನ್ನಿನಿಂದಲೋ ಸೋಂಕಿನಿಂದಲೋ ಗೋಡೆಗೆ ಅಂಟಿಕೊಂಡಿದ್ದರೆ, ಅದನ್ನು ಅಡ್ಹೀಷನ್ ಎನ್ನುತ್ತೇವೆ, ಟ್ರೋಕಾರ್ ಕರುಳನ್ನೇ ತೂರಬಹುದು. ಹಾಗಾದದ್ದು ಗೊತ್ತಾಗದೆ ಮನೆಗೆ ಹೋದವಳು ಬದುಕಿದರೆ ಅದು ಅವಳ ಪುಣ್ಯ. ಅದಕ್ಕೇ ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿದ್ದವರನ್ನು ನಾವು ಶಿಬಿರಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಅಲ್ಲಾಳಸಂದ್ರದ ಗೌರಮ್ಮನಿಗೆ ಹೊಲಿಗೆಯ ಗುರುತಿರಲಿಲ್ಲ. ಹೊಕ್ಕುಳ ಸುತ್ತ ಬರೆಗಳಿದ್ದವು, ಅಷ್ಟೆ. ಮಕ್ಕಳಿಗೆ ಹೊಟ್ಟೆನೋವು ಬಂದರೆ ಕಾದ ಕಬ್ಬಿಣದಿಂದ ಬರೆ ಹಾಕಿಸುವುದು ಆಗ ಎಷ್ಟೋ ಮನೆಗಳಲ್ಲಿ ನಡೆಯುತ್ತಿತ್ತು. ನಮ್ಮ ಕಣ್ಣು ಅವುಗಳಿಗೆ ಒಗ್ಗಿಹೋಗಿತ್ತು. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟಾಗ ಕಲಸಿಟ್ಟ ಹಿಟ್ಟನ್ನು ಮುಟ್ಟಿದಂತಾಯಿತು. ನನಗೇಕೋ ಸರಿಬರಲಿಲ್ಲ.

"ಈ ಬರೆ ಯಾಕೆ ಹಾಕ್ಸಿದ್ರಮ್ಮ?" ಎಂದು ಕೇಳಿದೆ.

"ಚಿಕ್ಕೋಳಿದ್ದಾಗ ಒಟ್ಟೆ ಊದ್ಕಂಡು ದಿನಾ ಜ್ವರ ಬತ್ತಿತ್ತಂತೆ. ಮೂಳೆ ಚಕ್ಳ ಆಗಿದ್ನಂತೆ. ನಮ್ಮಜ್ಜಿ ಆಕ್ಸಿದ್ರು," ಎಂದಳು.

ಅದು ಹೊಟ್ಟೆಯ ಕ್ಷಯದ ವರ್ಣನೆ; ಕೈಗೆ ಹಿಟ್ಟಿನಂತೆ ಸಿಕ್ಕಿದ್ದೂ ಅದರದೇ ಗುರುತು. ಬರೆಯಿಂದ ಅದು ವಾಸಿಯಾಗುವುದಿಲ್ಲ. ಕೆಲವರಲ್ಲಿ ತಾನಾಗಿ ಆರುತ್ತದೆ, ಆರುವಾಗ ಕರುಳನ್ನೆಲ್ಲ ಅಂಟಿಸಿಬಿಡುತ್ತದೆ. ಹಿರಿಯರಿಗೆ ಹೇಳಿದೆ. ಅವರು ಕೈಗವಸು ತೊಡುತ್ತಲೇ, "ಬರೆ ಯಾರಿಗಿಲ್ಲ ಕಣ್ರೀ? ಎರಡು ಹೆತ್ತಿದಾಳೆ, ಒಳಗೆ ಅಷ್ಟು ಅಂಟಿದ್ರೆ ಬಸಿರು ನಿಲ್ತಿತ್ತಾ? ಟೇಬಲ್ ಮೇಲೆ ತನ್ನಿ," ಎಂದರು.

ಅವಳನ್ನು ಸುಮ್ಮನೆ ಮನೆಗೆ ಕಳಿಸುವಂತೆಯೂ ಇರಲಿಲ್ಲ. ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವುದರಿಂದ ಕೂದಲೆಳೆಯಲ್ಲಿ ಪಾರಾಗಿದ್ದಳು. ಕಾಪರ್-ಟಿ ಒಗ್ಗಿರಲಿಲ್ಲ, ಮಾತ್ರೆಗೆ ವಾಂತಿ. ಇನ್ನೊಂದು ಬಸಿರು ನಿಂತರೆ ಜೀವಕ್ಕೇ ಅಪಾಯ.

ಸೂಜಿ ಬೇಡ, ತೆರೆದು ನೋಡಿಕೊಂಡು ಹೋಗುತ್ತೇನೆ, ಜವಾಬ್ದಾರಿ ನನ್ನದು ಎಂದೆ. ಅವರು ಮುಖ ಗಂಟಿಕ್ಕಿಕೊಂಡು ಪಕ್ಕದ ಟೇಬಲ್ಲಿಗೆ ಹೋದರು. ಹೊಕ್ಕುಳ ಕೆಳಗೆ ಸಣ್ಣದಾಗಿ ಕೊಯ್ದು, ಪದರ ಪದರವಾಗಿ ಬಿಡಿಸುತ್ತ ಹೋದೆ. ಕೊನೆಯ ತೆಳು ಪೊರೆಯನ್ನು ಎತ್ತಲು ಹೋದರೆ ಅದು ಏಳಲೇ ಇಲ್ಲ. ಅದರ ಬೆನ್ನಿಗೇ ಕರುಳು ಅಂಟಿತ್ತು, ಟ್ರೋಕಾರ್ ಇಳಿಯಬೇಕಿದ್ದ ಜಾಗದಲ್ಲೇ. ಹಿರಿಯರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿ, "ಮುಚ್ಚಿ," ಎಂದಷ್ಟೇ ಹೇಳಿದರು. ಹೊಲಿಗೆ ಹಾಕಿದೆ.

ಕರುಳು ಉಳಿಯಿತು, ಸರಿ. ಆದರೆ ಅವಳು ಬಂದ ಕೆಲಸ ಆಗಲಿಲ್ಲವಲ್ಲ. ಹೊರಗೆ ಕಾಯುತ್ತಿದ್ದ ಗಂಡ ಮುನಿರಾಜುವನ್ನು ಕರೆದೆ. ದ್ರಾಕ್ಷಿ ತೋಟದ ಒಕ್ಕಲಿಗ, ಮೆತ್ತನೆಯ ಮನುಷ್ಯ. "ಕರುಳು ಅಂಟ್ಕೊಂಡಿದೆ, ಇವಳ ಹೊಟ್ಟೆ ತೆರೆಯೋ ಹಾಗಿಲ್ಲಪ್ಪ. ಮುಂದಿನ ಹೆರಿಗೇಲಿ ರಕ್ತ ನಿಲ್ಲದೇ ಹೋದ್ರೆ, ಆಪರೇಷನ್ ಮಾಡಿ ಉಳಿಸೋದೂ ಕಷ್ಟ. ಮಕ್ಕಳಾಗದ ಆಪರೇಷನ್ ನೀನು ಮಾಡಿಸ್ಕೋಬೇಕು," ಎಂದೆ.

ಅವನು ಹೆದರಿದ. ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ಆಪರೇಷನ್ ಮಾಡಿದ ಸುದ್ದಿಗಳ ಭಯ ಇನ್ನೂ ಆರಿರಲಿಲ್ಲ. ಕೊನೆಗೆ ಒಪ್ಪಿದ.

"ಮಾಡುಸ್ಕಂತೀನಿ ಡಾಕ್ಟ್ರಮ್ಮ. ಆದ್ರೆ ನಮ್ಮವ್ವಂಗೆ ಗೊತ್ತಾಗ್ಬಾರ್ದು. ಆಪ್ರೇಸನ್ ಇವಳ್ಗೇ ಆಯ್ತು ಅಂತ್ಲೇ ಎಲ್ರೂ ತಿಳ್ಕಂಡ್ರೆ ಆಯ್ತು. ಒಟ್ಟೆ ಮ್ಯಾಲೆ ಒಲಿಗೆ ಐತಲ್ಲ."

ಒಪ್ಪಿಕೊಂಡೆ. ಬೇರೆ ದಾರಿ ಏನಿತ್ತು? ಮುಂದಿನ ವಾರ ಬಂದು ಮಾಡಿಸಿಕೊಂಡೂ ಹೋದ. ನನಗೆ ಸಮಾಧಾನವಾಗುವ ಬದಲು ಹೊಸ ದಿಗಿಲು ಹತ್ತಿತು. ಇವಳ ಹೊಟ್ಟೆಯ ಮೇಲೆ ನಾನೇ ಒಂದು ಸುಳ್ಳು ಗುರುತು ಹಾಕಿದ್ದೆ. ಮುಂದೆ ಯಾವುದೋ ಕಾಯಿಲೆಗೆ ಇವಳನ್ನು ನೋಡುವ ಸರ್ಜನ್ ಆ ಗೀರು ಕಂಡು, ಮಕ್ಕಳಾಗದ ಆಪರೇಷನ್ ಸಲೀಸಾಗಿ ಆಗಿದೆ ಎಂದುಕೊಂಡು, ಅಲ್ಲೇ ಟ್ರೋಕಾರ್ ಇಟ್ಟರೆ?

ಹೊಲಿಗೆ ಬಿಚ್ಚಿಸಲು ಗೌರಮ್ಮ ಬಂದಾಗ ಚೀಟಿ ಬರೆದುಕೊಡಲು ಹೋದೆ. ಅತ್ತೆ ಯಾರ ಕೈಯಲ್ಲಾದರೂ ಓದಿಸುತ್ತಾಳೆಂದು ಬೇಡವೆಂದಳು. "ಹಾಗಾದ್ರೆ ಯಾವ ಡಾಕ್ಟರು ನಿನ್ನ ಹೊಟ್ಟೆಗೆ ಕೈ ಹಾಕಿದ್ರೂ, ಕರುಳು ಅಂಟ್ಕೊಂಡಿದೆ ಅಂತ ಮೊದಲು ಹೇಳ್ಬೇಕು. ಮರೀಬಾರ್ದು," ಎಂದೆ.

ಅವಳು ಸೆರಗು ಸರಿಮಾಡಿಕೊಂಡು ಎದ್ದಳು. "ಕೇಳಿದ್ರೆ ಯೋಳ್ತೀನವ್ವ," ಎಂದಳು. "ಯಾರ್ ಕೇಳ್ತಾರೆ?"

ಮುಂದೆ ಲ್ಯಾಪರೋಸ್ಕೋಪಿ ಕಲಿಯಲು ಬಂದ ಕಿರಿಯರಿಗೆ ಸೂಜಿಯ ಕೋನ, ಗ್ಯಾಸಿನ ಒತ್ತಡ ಎಲ್ಲ ಹೇಳಿಕೊಟ್ಟೆ. ಅದಕ್ಕೆ ಮುಂಚೆ ರೋಗಿಯ ಪಕ್ಕ ಕೂತು ಮಾತಾಡಿ ಬರಲು ಕಳಿಸುತ್ತಿದ್ದೆ. ಬೇಗ ಮುಗಿಸಿ ಬಂದವರನ್ನು ಮತ್ತೆ ಕಳಿಸುತ್ತಿದ್ದೆ. ನನ್ನನ್ನು ಬೈದುಕೊಂಡೇ ಹೋಗುತ್ತಿದ್ದರು. ಗೌರಮ್ಮನ ಹೊಟ್ಟೆಯನ್ನು ಆಮೇಲೆ ಯಾರಾದರೂ ತೆರೆದರೋ, ತೆರೆದವರು ಅವಳನ್ನೊಂದು ಮಾತು ಕೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.